ಕಾಕನ ಕಿವಿ ಮತ್ತು ನನ್ನ ಎರಡು ಆಂಪುಗಳು

ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಷ್ಟರವರೆಗೆ ನೀವು ನನ್ನನ್ನು ಒಳ್ಳೆಯವನೆಂದು ನಂಬಿ ಮೋಸ ಹೋಗುತ್ತೀರಿ. ಗುತ್ತಿಗಾರಿನ ರಸಮಂಜರಿಯಲ್ಲಿ ಗಿಟಾರಿನ ಸ್ವರ ಕೆಡಿಸಿದವನು ನಾನು. ಕೆಡಿಸಿದ್ದು ಸಾಲದೆಂದು ತಪ್ಪನ್ನು ಸೌಂಡಿನ ಕಾಕನ ತಲೆಗೆ ಕಟ್ಟಿ, ಅವರದ್ದೇ ಸ್ವರದಲ್ಲಿ ಅವರನ್ನು ಅಣಕಿಸಿ, ಮೈದಾನ ತುಂಬ ಜನರನ್ನು ನಗಿಸಿದವನೂ ನಾನೇ. ಆ ನಗು ಈಗಲೂ ಒಮ್ಮೊಮ್ಮೆ ಊಟದ ನಡುವೆ ನೆನಪಾಗುತ್ತದೆ.

ನಮ್ಮದು ಪುತ್ತೂರಿನ ಸಣ್ಣ ತಂಡ. ಕೀಬೋರ್ಡ್ ನುಡಿಸುವ ಮಾಸ್ಟ್ರು ಯಜಮಾನರು. ನಾನು ಗಿಟಾರ್, ಹಾಡುಗಳ ನಡುವೆ ಹತ್ತು ನಿಮಿಷ ಮಿಮಿಕ್ರಿ. ಬಸ್ಸಿನ ಕಂಡಕ್ಟರು, ಪಂಚಾಯತ್ ಮೆಂಬರು, ಮದುವೆಯಲ್ಲಿ ಪಾಯಸ ಬಡಿಸುವ ಭಟ್ರು, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ಸ್ವರ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಸೌಂಡ್ ಯಾವಾಗಲೂ ಕಾಕನದ್ದು. ಅರುವತ್ತು ದಾಟಿದ ಬ್ಯಾರಿ, ಪುತ್ತೂರಿನ ದರ್ಬೆಯಲ್ಲಿ ಅವರ ಗೋಡೌನು. ಹುಡುಗರನ್ನೆಲ್ಲ ‘ಮೋನೆ’, ಮಗನೇ, ಎಂದು ಕರೆಯುವ ಜನ. ಕಿವಿಯ ಹಿಂದೆ ಕೈಯಿಟ್ಟು, ತಲೆ ಓರೆ ಮಾಡಿ ಕೇಳುವ ಒಂದು ಅಭ್ಯಾಸ ಅವರಿಗೆ. ಅದು ಕೇಳದವರ ಭಂಗಿಯಲ್ಲ, ತುಂಬ ಕೇಳುವವರದ್ದು. ಇದು ನನಗೆ ಆಮೇಲೆ ತಿಳಿದದ್ದು.

ನನ್ನ ಹತ್ತಿರ ಮೊದಲೇ ಒಂದು ಪೆಡಲ್ ಇತ್ತು. ಕಾಲಡಿಯಲ್ಲಿ ಇಟ್ಟು ತುಳಿಯುವ ಉದ್ದನೆಯ ಪಟ್ಟಿ. ಒಂದು ಗುಂಡಿ ಒತ್ತಿದರೆ ಎಕೋ, ಇನ್ನೊಂದು ಒತ್ತಿದರೆ ಗುಹೆಯೊಳಗಿನ ಮೊಳಗು. ಅದರ ಹೊಟ್ಟೆಯಲ್ಲಿ ದೊಡ್ಡ ಆಂಪ್ಲಿಫೈಯರ್, ನಮ್ಮ ಬಾಯಲ್ಲಿ ಆಂಪ್, ಮತ್ತು ಸ್ಪೀಕರ್ ಪೆಟ್ಟಿಗೆಯ ಸ್ವರವನ್ನು ಅನುಕರಿಸುವ ಒಂದು ಕರಾಮತ್ತೂ ಇತ್ತು. ಆ ವರ್ಷ ಹೊಸದಾಗಿ ಮಾಡೆಲರ್ ತರಿಸಿದೆ. ಬುತ್ತಿ ಡಬ್ಬಿಯಷ್ಟೇ ದೊಡ್ಡದು, ಆಂಪುಗಳನ್ನು ಅನುಕರಿಸುವುದೇ ಅದರ ಉದ್ಯೋಗ. ನನ್ನದೇ ಜಾತಿಯ ಯಂತ್ರ! ಒಂದು ಆಂಪೇ ಇಷ್ಟು ಚಂದ ಇದ್ದರೆ ಎರಡು ಎಷ್ಟು ಚಂದ ಇರಬೇಡ? ಪೆಡಲಿನ ಬಾಲವನ್ನು ಮಾಡೆಲರಿನ ಬಾಯಿಗೆ ಸಿಕ್ಕಿಸಿದೆ. ನರಿಮೊಗರಿನ ಮನೆಯಲ್ಲಿ ಹೆಡ್‌ಫೋನ್ ಹಾಕಿ ನುಡಿಸಿದರೆ ಆನೆಯ ಹಿಂಡು ಬಂದ ಹಾಗೆ ಕೇಳಿತು. ನಾನು ಕಣ್ಣು ಮುಚ್ಚಿ ತಲೆ ಕುಣಿಸುವುದನ್ನು ಕಂಡು ಅಮ್ಮ ನನಗೆ ಮೈಮೇಲೆ ಬಂತೆಂದು ಹೆದರಿದ್ದರು.

ಗುತ್ತಿಗಾರಿನಲ್ಲಿ ಮೂರನೇ ಹಾಡಿಗೆ ನನ್ನ ಗಿಟಾರಿನ ಭಾಗ ಬಂತು. ಬಂದದ್ದು ಹಂಡೆಯೊಳಗೆ ಸಿಕ್ಕಿಬಿದ್ದ ಜೇನುಹುಳದ ಸದ್ದು. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಹಾಡು ಮುಗಿದದ್ದೇ ಕಾಕ ಮಿಕ್ಸರ್ ಬಿಟ್ಟು ಸ್ಟೇಜಿನ ಬದಿಗೆ ಬಂದರು.

“ಮೋನೆ, ನಿನ್ನ ಎರಡು ಪೆಟ್ಟಿಗೆಯಲ್ಲಿ ಒಂದನ್ನು ತೆಗೆ. ಅಲ್ಲಿಂದಲೇ ಮುದ್ದೆಯಾಗಿ ಬರ್ತಾ ಉಂಟು.”

“ಕಾಕ, ಇದು ಡಿಜಿಟಲ್. ನಿಮಗೆ ಗೊತ್ತಾಗುದಿಲ್ಲ.”

“ಡಿಜಿಟಲ್ ನನಗೆ ಗೊತ್ತಿಲ್ಲ. ಮುದ್ದೆ ಗೊತ್ತುಂಟು.”

ಮಾಸ್ಟ್ರು ನಕ್ಕರು. ಹಾಡುವ ಹುಡುಗಿಯರೂ ನಕ್ಕರು. ಇಡೀ ಜಗತ್ತನ್ನು ಗೇಲಿ ಮಾಡುವವನಿಗೆ ಅಷ್ಟು ನಗು ತಡೆಯಲಾಗಲಿಲ್ಲ. ಮಿಮಿಕ್ರಿಯ ಸರದಿ ಬಂದಾಗ ಕಂಡಕ್ಟರನ್ನು ಬಿಟ್ಟು ಕಾಕನನ್ನು ಹಿಡಿದೆ. ಕಿವಿಯ ಹಿಂದೆ ಕೈ, ಓರೆ ತಲೆ: “ಎಂತ? ಎಂತ ಮೋನೆ? ಗಟ್ಟಿ ಹೇಳು, ನನಗೆ ಸೌಂಡ್ ಕೇಳುದಿಲ್ಲ, ನಾನು ಸೌಂಡಿನವ!” ಮೈದಾನ ಬಿದ್ದು ಬಿದ್ದು ನಕ್ಕಿತು. ಕಾಕ ಮಿಕ್ಸರಿನ ಮೇಲೆ ಬಗ್ಗಿಯೇ ಇದ್ದರು.

ಮರುದಿನ ಬೆಳಿಗ್ಗೆ ಆ ವಿಡಿಯೋ ನಮ್ಮೂರಿನ ಗ್ರೂಪುಗಳಲ್ಲೆಲ್ಲ ಓಡಾಡುತ್ತಿತ್ತು. ನಾನೂ ಹೆಮ್ಮೆಯಿಂದ ನಾಲ್ಕು ಸಲ ನೋಡಿದೆ. ಐದನೇ ಸಲ ನೋಡುವಾಗ ಮಾಸ್ಟ್ರ ಫೋನು.

“ಕಡಬದವರು ನಮ್ಮ ಮುಂದಿನ ಕಾರ್ಯಕ್ರಮಕ್ಕೆ ಬೇರೆ ಸೌಂಡ್ ಹೇಳ್ತಾರಂತೆ. ಕಾಕನಿಗೆ ಕಿವಿ ಮಂದ ಆಗಿದೆಯಂತೆ, ಹೌದಾ ಅಂತ ಕೇಳಿದ್ರು. ನಿನಗೆ ಖುಷಿಯಾಯ್ತಾ?”

ಕಡಬದ ಯುವಕ ಮಂಡಲಕ್ಕೆ ಶುರುವಿನಿಂದಲೂ ಕಾಕನದ್ದೇ ಸೌಂಡ್. ಸೌಂಡಿನವನಿಗೆ ಕಿವಿ ಇಲ್ಲ ಎನ್ನುವುದೂ ಡ್ರೈವರಿಗೆ ಕಣ್ಣಿಲ್ಲ ಎನ್ನುವುದೂ ಒಂದೇ. ಒಂದು ಊರಿನವರು ಬಿಟ್ಟರೆ ಉಳಿದವರೂ ಬಿಡುತ್ತಾರೆ.

ವಿಡಿಯೋವನ್ನು ಮತ್ತೆ ಹಾಕಿದೆ. ಈ ಸಲ ನಗಲಿಕ್ಕಲ್ಲ. ಹುಡುಗಿಯ ಹಾಡು ತಿಳಿನೀರಿನ ಹಾಗೆ. ಮಾಸ್ಟ್ರ ಕೀಬೋರ್ಡಿನ ಒಂದೊಂದು ಬೆರಳೂ ಬಿಡಿಬಿಡಿ. ಅದೇ ಮಿಕ್ಸರ್, ಅದೇ ಬಾಕ್ಸ್, ಅದೇ ಕಾಕ. ಮುದ್ದೆ ನನ್ನ ಗಿಟಾರ್ ಒಂದೇ. ಮತ್ತೆ ಮಿಮಿಕ್ರಿ ಬಂತು. ಅವರನ್ನು ಕಿವುಡ ಎನ್ನುವ ನನ್ನ ಒಂದೊಂದು ಅಕ್ಷರವನ್ನೂ ಕೊನೆಯ ಸಾಲಿನವರೆಗೆ ಸ್ವಚ್ಛವಾಗಿ ಮುಟ್ಟಿಸಿದವರು ಅವರೇ! ಬೇಕಿದ್ದರೆ ಒಂದು ಬೆರಳಿನಲ್ಲಿ ನನ್ನ ಮೈಕ್ ಇಳಿಸಬಹುದಿತ್ತು.

ಪೆಡಲನ್ನು ಎದುರಿಗಿಟ್ಟು ಒಂದೊಂದೇ ಗುಂಡಿ ಒತ್ತಿ ನೋಡಿದೆ. ಅದರ ಆಂಪೂ ಚಾಲೂ, ಮಾಡೆಲರಿನ ಆಂಪೂ ಚಾಲೂ. ಒಬ್ಬನೇ ಹೆಡ್‌ಫೋನಿನಲ್ಲಿ ಕೇಳುವಾಗ ಆನೆಯ ಹಿಂಡೆನಿಸಿದ್ದೂ ಇದೇ ಮುದ್ದೆ. ಹೈಸ್ಕೂಲಿನಲ್ಲಿ ನಾನು ನಮ್ಮ ಹೆಡ್‌ಮಾಸ್ಟ್ರ ಸ್ವರ ತೆಗೆಯುತ್ತಿದ್ದೆ. ಅವರು ನಿವೃತ್ತರಾದ ಮೇಲೆ ಸೇರಿದ ಒಬ್ಬ, ಅವರನ್ನು ಕಂಡೇ ಇಲ್ಲದವ, ನನ್ನ ಮಿಮಿಕ್ರಿಯ ಮಿಮಿಕ್ರಿ ಮಾಡುತ್ತಿದ್ದ. ಅದರಲ್ಲಿ ಹೆಡ್‌ಮಾಸ್ಟ್ರು ಇರಲಿಲ್ಲ, ಬರೀ ಕೆಮ್ಮು ಇತ್ತು. ನನ್ನ ಗಿಟಾರಿಗೆ ಆದದ್ದೂ ಅದೇ. ಅನುಕರಣೆಯನ್ನು ಇನ್ನೊಂದು ಅನುಕರಣೆಯ ಬಾಯಿಗೆ ಹಾಕಬಾರದೆಂದು ಊರಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಪೆಡಲಿನ ಆಂಪನ್ನು ಬಂದ್ ಮಾಡಿ, ಎಕೋ ಮತ್ತು ಮೊಳಗಿನ ಕೆಲಸವನ್ನಷ್ಟೇ ಅದಕ್ಕೆ ಬಿಟ್ಟೆ. ತಂತಿ ಮೀಟಿದರೆ ತಂತಿಯೇ ಕೇಳಿತು. ಕಾಕ ಒಂದೇ ಮಾತಿನಲ್ಲಿ ಹೇಳಿದ್ದು ಇದನ್ನೇ.

ದರ್ಬೆಗೆ ಓಡಿದೆ. ಕಾಕ ಗೋಡೌನಿನಲ್ಲಿ ಕೂತು ಮೈಕಿನ ವಯರಿಗೆ ಬೆಸುಗೆ ಹಾಕುತ್ತಿದ್ದರು. ಹತ್ತಿರ ಹೋಗಿ, ಪಕ್ಕದ ಅಂಗಡಿಯವನಿಗೆ ಕೇಳಿಸದ ಹಾಗೆ ಸಣ್ಣ ಸ್ವರದಲ್ಲಿ ಹೇಳಿದೆ: “ಕಾಕ, ತಪ್ಪು ನನ್ನದು. ಎರಡು ಆಂಪ್ ಹಾಕಿದ್ದೆ.”

ಅವರು ಬೆಸುಗೆಯ ಕಡ್ಡಿ ಕೆಳಗಿಟ್ಟರು. ಕಿವಿಯ ಹಿಂದೆ ಕೈಯಿಟ್ಟು ತಲೆ ಓರೆ ಮಾಡಿದರು. ಗುತ್ತಿಗಾರಿನ ಸ್ಟೇಜಿನಲ್ಲಿ ನಾನು ಮಾಡಿದ ಹಾಗೇ, ನನಗಿಂತ ಚೆನ್ನಾಗಿಯೇ.

“ಎಂತ? ಕೇಳ್ಲಿಲ್ಲ ಮೋನೆ. ನನ್ನ ಕಿವಿ ಮಂದ ಅಲ್ವಾ? ಮೈಕಲ್ಲಿ ಹೇಳು.”

ಮತ್ತೆ ಕಡ್ಡಿ ಎತ್ತಿಕೊಂಡರು. ನಾನು ಹೊರಗೆ ಬಂದೆ.

ರಸ್ತೆ ಬದಿಯಿಂದಲೇ ಕಡಬದ ಯುವಕ ಮಂಡಲದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಕಾಕನ ಕಿವಿ ಸರಿ ಉಂಟು, ಹಾಳು ಮಾಡಿದ್ದು ನಾನು ಎಂದೆ. ಅವರು ಗೊಳ್ಳೆಂದು ನಕ್ಕರು.

“ಈಗ ಯಾರ ಸ್ವರ ತೆಗೀತಾ ಇದ್ದಿ ಮಾರಾಯ?”

“ನನ್ನದೇ ಮಾರಾಯ್ರೆ!”

“ನಿನ್ನದು ಅಂತ ಒಂದುಂಟಾ? ಅದನ್ನು ನಂಬುದು ಹೇಗೆ?”

ಕೊನೆಗೆ ಮಾಸ್ಟ್ರಿಂದ ಹೇಳಿಸಬೇಕಾಯಿತು. ಕಾರ್ಯದರ್ಶಿ ಒಪ್ಪಿದರು, ಅರ್ಧ ಮನಸ್ಸಿನಲ್ಲಿ: “ಕಾಕನೇ ಬರ್ಲಿ. ಆದ್ರೆ ವಿಡಿಯೋ ಎಲ್ಲರೂ ನೋಡಿದ್ದಾರೆ. ಈ ಸಲ ಹಾಳಾದ್ರೆ ಇನ್ನು ಕರೆಯುದಿಲ್ಲ.”

ಕಡಬದಲ್ಲಿ ಕಾರ್ಯಕ್ರಮ ಸಂಜೆ ಐದಕ್ಕೆ ಶುರು. ಕಾಕ ಮಿಕ್ಸರಿಗೆ ಕೂತದ್ದೇ ನಾಲ್ಕಾರು ಹುಡುಗರು ಕಿವಿಯ ಹಿಂದೆ ಕೈಯಿಟ್ಟು ಕಿಸಕಿಸ ನಗತೊಡಗಿದರು. ನಾನು ಕಲಿಸಿದ ಪಾಠ. ಮೊದಲ ಎರಡು ಹಾಡಿನಲ್ಲಿ ಗಿಟಾರ್ ಸರಿಯಾಗಿಯೇ ಕೇಳಿತು, ಆದರೂ ಅವರ ಕೈ ಇಳಿಯಲಿಲ್ಲ.

ಮಿಮಿಕ್ರಿಯ ಹೊತ್ತು ಬಂತು. ಕಾಕನ ಸ್ವರ ತೆಗೆಯುತ್ತೇನೆಂದು ಜನ ಮೊದಲೇ ನಗುಮುಖ ಮಾಡಿ ಕೂತಿದ್ದರು. ನಾನು ಮೈಕ್ ಹಿಡಿದು ಬಾಯಿ ತೆರೆದರೆ ಯಾವ ಸ್ವರವೂ ಬರಲಿಲ್ಲ. ನನ್ನ ಸ್ವಂತ ಸ್ವರದಲ್ಲಿ ಮೈಕಿನ ಎದುರು ಅದುವರೆಗೆ ಒಂದು ವಾಕ್ಯವನ್ನೂ ಪೂರ್ತಿ ಆಡಿದವನಲ್ಲ.

“ಗುತ್ತಿಗಾರಿನಲ್ಲಿ ಸೌಂಡ್ ಕೆಡಿಸಿದ್ದು ಕಾಕ ಅಲ್ಲ,” ಎಂದೆ. ಸೊಳ್ಳೆಯ ಸ್ವರ. “ನಾನು. ಎರಡು ಪೆಟ್ಟಿಗೆಯನ್ನು ತಪ್ಪಾಗಿ ಜೋಡಿಸಿದ್ದೆ. ಒಂದನ್ನು ತೆಗೆ ಅಂತ ಕಾಕ ಹೇಳಿದ್ರು, ಕೇಳ್ಲಿಲ್ಲ. ಅವತ್ತು ಕಿವಿ ಇಲ್ಲದ್ದು ನನಗೆ.”

ಹೇಳುತ್ತಿರುವಾಗಲೇ ಎಂತದೋ ಆಯಿತು. ಸೊಳ್ಳೆಯ ಸ್ವರ ದಪ್ಪವಾಯಿತು, ಮೈದಾನದ ಆಚೆ ಚರುಮುರಿ ಕಲಸುತ್ತಿದ್ದವ ಸೌಟು ನಿಲ್ಲಿಸಿ ಸ್ಟೇಜಿನ ಕಡೆ ತಿರುಗಿದ. ಹುಡುಗರ ಕೈಗಳು ಕಿವಿಯಿಂದ ಕೆಳಗಿಳಿದವು. ಯಾರೂ ನಗಲಿಲ್ಲ. ನಾನು ಸ್ಟೇಜಿಗೆ ಹತ್ತಿದ ಮೇಲೆ ಯಾರೂ ನಗದಿದ್ದದ್ದು ಅದೇ ಮೊದಲು.

ಎಲ್ಲ ಮುಗಿದು ವಯರು ಸುತ್ತುವಾಗ ಕಾಕನ ಹತ್ತಿರ ಹೋಗಿ ನಿಂತೆ. ಕಾರ್ಯದರ್ಶಿ ಆಗಲೇ ಬಂದು ಬರುವ ವರ್ಷಕ್ಕೂ ಅವರಿಗೇ ಹೇಳಿ ಹೋಗಿದ್ದರು. ಇನ್ನೊಮ್ಮೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಕಾಕ ಕೈಯೆತ್ತಿ ತಡೆದರು.

“ಸಾಕು ಮೋನೆ. ನಿನ್ನ ಸ್ವರ ತುಂಬ ಸಣ್ಣ ಇತ್ತು, ನಾನೇ ಏರಿಸಿದೆ. ಹಿಂದೆ ಕೂತವರಿಗೂ ಕೇಳ್ಬೇಕಲ್ಲ!”