ಕಿಸೆಯಲ್ಲಿದ್ದ ಕೆರೆ

ನನಗೆ ಬುದ್ಧಿ ಬಂದಾಗಿನಿಂದ ಮೂಗು ಸೋರುತ್ತಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಅಸಹ್ಯಕ್ಕೆಲ್ಲ ಅದೇ ಮೂಲ. ಇಂಥ ಮೂಗಿನವನು ಜವಳಿ ಅಂಗಡಿಯಲ್ಲೋ ಶಾಲೆಯಲ್ಲೋ ಹೊಟ್ಟೆ ಹೊರೆದುಕೊಳ್ಳಬಹುದಿತ್ತು. ನಾನು ಹೋಗಿ ಸೇರಿದ್ದು ಒಂದು ಸರ್ವೆ ಕಚೇರಿಗೆ, ನಕ್ಷೆಗಳನ್ನು ಟ್ರೇಸ್ ಮಾಡುವ ಕೆಲಸಕ್ಕೆ. ಐವತ್ತರ ದಶಕದ ಕೊನೆ. ನಮ್ಮ ಜಿಲ್ಲೆ ಮದ್ರಾಸಿನ ಕೈಯಿಂದ ಮೈಸೂರಿನ ಕೈಗೆ ಬಂದು, ಹಳೆಯ ನಕ್ಷೆಗಳನ್ನೆಲ್ಲ ಮತ್ತೆ ಬರೆದಿಡಬೇಕೆಂಬ ಗಡಿಬಿಡಿ ನಡೆಯುತ್ತಿದ್ದ ಕಾಲ.

ಟ್ರೇಸಿಂಗ್ ಬಟ್ಟೆಯನ್ನು ಈಗಿನವರು ನೋಡಿರಲಿಕ್ಕಿಲ್ಲ. ನಯವಾದ ನೂಲಿನ ಬಟ್ಟೆಗೆ ಗಟ್ಟಿ ಗಂಜಿ ಹಾಕಿ, ಉಜ್ಜಿ, ಗಾಜಿನ ಹಾಗೆ ಮಾಡಿರುತ್ತಾರೆ. ಹಳೆಯ ನಕ್ಷೆಯ ಮೇಲೆ ಹಾಸಿದರೆ ಅಡಿಯ ಗೆರೆಗಳೆಲ್ಲ ಕಾಣುತ್ತವೆ. ಅವುಗಳ ಮೇಲೆಯೇ ಶಾಯಿಯಲ್ಲಿ ಎಳೆಯುತ್ತ ಹೋಗುವುದು. ಗಂಜಿಗೆ ನೀರು ಶತ್ರು. ಒಂದು ಹನಿ ಬಿದ್ದರೂ ಅಲ್ಲಿ ಬೆಳ್ಳಗೆ ಕಲೆ. ಬೆವರು ಇಳಿಯಬಾರದು, ಮಳೆಯ ಎರಚಲು ತಾಗಬಾರದು, ಸೀನಬಾರದು. ನಾನು ಸೀನಿದಾಗಲೆಲ್ಲ ಪಕ್ಕದ ಮೇಜಿನವನು ತಲೆ ಎತ್ತದೆ ಕೇಳುತ್ತಿದ್ದ, "ಇವತ್ತು ಯಾವ ಗ್ರಾಮಕ್ಕೆ ಕೆರೆ ಮಂಜೂರಾಯಿತು ಮಾರಾಯ?"

ಹಳೆಯ ನಕ್ಷೆಗಳ ಅವಸ್ಥೆಯೋ, ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ. ಅವನ್ನು ಹಿಟ್ಟಿನ ಅಂಟು ಹಚ್ಚಿ ಬಟ್ಟೆಗೆ ಅಂಟಿಸಿದ್ದರು. ಆ ಹಿಟ್ಟು ತಿನ್ನಲು ಜಿರಳೆಗಳು ಸಂಸಾರಸಮೇತ ಒಳಗೆ ವಾಸ. ಸುರುಳಿ ಬಿಚ್ಚಿದರೆ ಮೊದಲು ಬೀಳುವುದು ಅವುಗಳ ಹಿಕ್ಕೆ, ಆಮೇಲೆ ರೆಕ್ಕೆ, ಕೊನೆಗೆ ಬೆಳ್ತಂಗಡಿ ತಾಲೂಕು. ಅದರ ಮೇಲೆ ಯಾವನೋ ಹಿಂದಿನ ಪುಣ್ಯಾತ್ಮ ಎಲೆಅಡಿಕೆ ಜಗಿಯುತ್ತ ಮಾತಾಡಿದ್ದರ ಕೆಂಪು ಚುಕ್ಕಿಗಳು. ಗ್ರಾಮಗಡಿ ಯಾವುದು, ಎಂಜಲು ಯಾವುದು ಎಂದು ನೋಡಿ ನೋಡಿ ನನ್ನ ಕಣ್ಣು ಹಾಳಾಯಿತು.

ಅಂಥದ್ದೊಂದು ಹಾಳೆಯಲ್ಲಿ ಘಟ್ಟದ ಬುಡದ ಒಂದು ಗುಡ್ಡ, ಗುಡ್ಡದ ನೆತ್ತಿಯ ತಗ್ಗಿನಲ್ಲಿ ಒಂದು ಕೆರೆ. ಒಂದು ಮೈಲಿ ಒಂದು ಮೊಳದಷ್ಟು ಉದ್ದಕ್ಕೆ ಬರುವ ದೊಡ್ಡ ನಕ್ಷೆಯದು. ಏರಿಳಿತದ ಗೆರೆಗಳು ಹೆಬ್ಬೆರಳಿನ ಗುರುತಿನ ಹಾಗೆ ಸುತ್ತಿಕೊಂಡು ಬಂದು, ನಡುವೆ ನೀಲಿಯಲ್ಲಿ ಮೀನಿನಾಕಾರದ ನೀರು. ಮೀನಿನ ತಲೆಯ ಹತ್ತಿರ ಒಂದು ಬಂಡೆ. ಬಾಲದ ತುದಿಯಲ್ಲಿ ಒಂದು ಪುಟ್ಟ ಚೌಕ: ನೀರು ಹೊರಗೆ ಬಿಡುವ ಕಲ್ಲಿನ ತೂಬು. ಅಲ್ಲಿಂದ ಸಣ್ಣ ಕಾಲುವೆಯಂಥ ಒಂದು ತೋಡು ಕೆಳಗಿನ ಬೈಲಿನ ಗದ್ದೆಗಳಿಗೆ ಇಳಿಯುತ್ತಿತ್ತು. ಒಂದೂ ಸೀನಿಲ್ಲದೆ ನಾನು ಮುಗಿಸಿದ ಏಕೈಕ ಹಾಳೆ ಅದು. ಕೆಲವೇ ತಿಂಗಳಲ್ಲಿ ಮೂಲ ನಕ್ಷೆ ಪುಡಿಯಾಯಿತು. ಗುಡಿಸಿ ಹೊರಗೆ ಹಾಕಿದರು. ಉಳಿದದ್ದು ನಾನು ಎಳೆದದ್ದು ಮಾತ್ರ.

ಇನ್ನು ನಮ್ಮ ಕಚೇರಿಯ ಒಂದು ಪದ್ಧತಿ. ಹಾಳಾದ ಟ್ರೇಸಿಂಗುಗಳಿಗೆ ರದ್ದು ಎಂದು ಮೊಹರು ಹೊಡೆದು ಮೂಲೆಯಲ್ಲಿ ಪೇರಿಸುತ್ತಿದ್ದರು, ನಾವು ಹಂಚಿಕೊಂಡು ಮನೆಗೆ ಒಯ್ಯುತ್ತಿದ್ದೆವು. ಸೋಡಾ ಹಾಕಿ ಕುದಿಸಿದರೆ ಗಂಜಿ ಬಿಡುತ್ತದೆ, ಗಂಜಿಯ ಜೊತೆ ಶಾಯಿಯೂ ಹೋಗುತ್ತದೆ, ಉಳಿಯುವುದು ಮಲ್ಲಿಗೆಯಷ್ಟು ಮೆತ್ತನೆಯ ಬಟ್ಟೆ. ಹೆಂಗಸರು ಅದರಲ್ಲಿ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಬಂಟ್ವಾಳದ ಎಷ್ಟೋ ಶಿಶುಗಳು ಮೀಸಲು ಅರಣ್ಯವನ್ನು ಉಟ್ಟುಕೊಂಡು ಉಚ್ಚೆ ಹೊಯ್ದಿವೆ. ನಮ್ಮ ಮನೆಯಲ್ಲಿ ಆಗುತ್ತಿದ್ದುದು ಕರ್ಚೀಫು. ಕಾರಣ ಹೇಳಬೇಕಾಗಿಲ್ಲ.

ನಾನು ಎಲ್ಲದಕ್ಕೂ ಹೆದರುವವ. ಬೀಗ ಹಾಕಿ ಬಂದ ಮೇಲೆ ಮೂರು ಸಲ ತಿರುಗಿ ಹೋಗಿ ಜಗ್ಗಿ ನೋಡುವವ. ಶಾಯಿ ಬಾಟಲಿ ಮಗುಚೀತೆಂದು ಅದರ ಸುತ್ತ ಇಟ್ಟಿಗೆ ಕಟ್ಟಿದವ. ಇಷ್ಟೆಲ್ಲ ಹೆದರಿ, ಒಂದು ಶನಿವಾರ ನೆಗಡಿ ತಲೆಗೇರಿದ್ದಾಗ ರದ್ದಿನ ಕಟ್ಟಿನಿಂದ ನನ್ನ ಪಾಲು ಎತ್ತಿಕೊಂಡು ಬಂದೆ. ಪಕ್ಕದ ಕಟ್ಟಿನ ಒಂದು ಹಾಳೆ ಅದಕ್ಕೆ ಅಂಟಿಕೊಂಡು ಬಂದದ್ದನ್ನು ನೋಡಲಿಲ್ಲ. ಮೊಹರು ಇದೆಯೋ ಇಲ್ಲವೋ ಎಂದು ನೋಡುವ ಹೆದರಿಕೆ ಮಾತ್ರ ಆ ದಿನ ನನಗೆ ಬರಲಿಲ್ಲ.

ಎರಡು ವರ್ಷ ಕಳೆದು ಒಬ್ಬರು ಅಕ್ಕ ಕಚೇರಿಗೆ ಬಂದರು. ಕೆರೆಯ ಕೆಳಗಿನ ಬೈಲಿನಲ್ಲಿ ಗೇಣಿಗೆ ಗದ್ದೆ ಮಾಡಿಕೊಂಡಿದ್ದವರು. ಪುಂಜಾಲಕಟ್ಟೆಯವರೆಗೆ ನಡೆದು, ಅಲ್ಲಿಂದ ಬಸ್ಸು. ಗುಡ್ಡದ ಯಜಮಾನರು ಕೆರೆಯ ಬಾಲಕ್ಕೆ ಮಣ್ಣು ತುಂಬಿಸಿ ರಬ್ಬರ್ ಸಸಿ ನೆಡಿಸಿದ್ದರು. ತೋಡು ಬತ್ತಿತು. ಬೇಸಿಗೆಯ ಮೂರನೆಯ ಬೆಳೆ, ಕೊಳಕೆ, ಹೋಯಿತು.

"ಮಳೆಗಾಲದ ಏಣೇಲು ಬೆಳೆ ಗೇಣಿಗೆ ಹೋಗ್ತದೆ, ಎರಡನೆಯ ಸುಗ್ಗಿ ಬೆಳೆ ಹಳೆಯ ಬಾಕಿಗೆ. ನಾವು ಉಣ್ಣುವುದು ಕೊಳಕೆ ಒಂದೇ ಅಣ್ಣ," ಎಂದರು. "ಆ ಕೆರೆಗೆ ಬಾಲವೇ ಇರಲಿಲ್ಲ ಅಂತ ಯಜಮಾನರು ಹೇಳ್ತಾರೆ. ನಿಮ್ಮ ಹಳೆಯ ನಕ್ಷೆ ಏನು ಹೇಳ್ತದೆ?"

ಈಚೆಗೆ ಹೊಸದಾಗಿ ಅಳೆದು ಬರೆದ ನಕ್ಷೆ ತೆಗೆದೆ. ಅದರಲ್ಲಿ ಕೆರೆ ಇಡ್ಲಿಯ ಹಾಗೆ ದುಂಡಗೆ ಕೂತಿತ್ತು. ಅದನ್ನು ಅಳೆದವನು ಜಿಗಣೆಗೆ ಹೆದರಿ ಗುಡ್ಡ ಹತ್ತಲೇ ಇಲ್ಲವೆಂದೂ, ಯಜಮಾನರ ಚಾವಡಿಯಲ್ಲಿ ಕಾಫಿ ಕುಡಿಯುತ್ತ ಅವರು ಹೇಳಿದಂತೆ ಬರೆದನೆಂದೂ ಇಡೀ ಕಚೇರಿಗೆ ಗೊತ್ತಿತ್ತು. ಅವನ ಬಗ್ಗೆ ನನಗೆ ಹೇಸಿಗೆಯಾಯಿತು. ನನ್ನ ಹಾಳೆ ತೋರಿಸಿಯೇ ಬಿಡುವ ಎಂದು ಹುಡುಕಲು ಹೊರಟೆ. ಕಪಾಟು, ಅಟ್ಟ, ಪೆಟ್ಟಿಗೆ ಎಲ್ಲ ಹುಡುಕಿದೆ. ಇಲ್ಲ.

ಸಾಹೇಬರು ಕೇಳಿದಾಗ ಬಾಯಿಗೆ ಬಂದದ್ದು ಕಚೇರಿಯ ಹಳೆಯ ಮಂತ್ರ. "ಗೆದ್ದಲು ತಿಂದಿದೆ ಸಾರ್."

ಅವರು ಹಾಗೆಯೇ ಬರೆದುಕೊಂಡರು. "ಹಾಗಾದರೆ ಸ್ಥಳಕ್ಕೆ ಹೋಗಿ ನೋಡುವ. ಟ್ರೇಸ್ ಮಾಡಿದ್ದು ನೀವಲ್ಲವಾ, ನೀವೂ ಬನ್ನಿ."

ಮನೆಗೆ ಬಂದು ಹೆಂಡತಿಯ ಮುಂದೆ ಗೋಳು ಹೇಳಿಕೊಂಡೆ. ಮೀನಿನ ಹಾಗಿನ ಕೆರೆ, ನೀಲಿ ಶಾಯಿ ಎಂದೆ.

"ನೀಲಿ ಮೀನಾ?" ಎಂದಳು. "ಎಷ್ಟು ಕುದಿಸಿದರೂ ಹೋಗಲಿಲ್ಲ ಆ ನೀಲಿ. ನಿಮ್ಮ ಕಿಸೆಯಲ್ಲೇ ಉಂಟಲ್ಲ ಅದು."

ಹೊರಗೆ ತೆಗೆದೆ. ಎರಡು ವರ್ಷದಿಂದ ನಾನು ಮೂಗು ಒರೆಸುತ್ತಿದ್ದುದು ಅದರಲ್ಲಿ. ಕಿಟಕಿಯ ಬೆಳಕಿಗೆ ಹಿಡಿದರೆ ಸೋತ ನೀಲಿಯಲ್ಲಿ ಮೀನಿನ ತಲೆ, ಹೊಟ್ಟೆ, ಬಂಡೆಯ ಗುರುತು. ಅಲ್ಲಿಗೆ ಅಂಚು ಮಡಚಿ ಹೊಲಿದಿತ್ತು.

"ಬಾಲ ಎಲ್ಲಿ?"

"ಅದು ತೋಡಾರಿನ ಮಾವನಿಗೆ ಕೊಟ್ಟ ಜೋಡಿಯಲ್ಲಿ ಹೋಗಿರಬೇಕು."

ತೋಡಾರಿನ ಮಾವನೆಂದರೆ ಅವಳ ಸೋದರಮಾವ. ನಸ್ಯ ಏರಿಸುವುದರಲ್ಲಿ ಅವರನ್ನು ಮೀರಿಸಿದವರು ಇರಲಿಲ್ಲ. ನಾನು ಮರುದಿನವೇ ಬಸ್ಸು ಹತ್ತಿ, ಮೂಡಬಿದ್ರಿಯಲ್ಲಿ ಹೊಸ ಕರ್ಚೀಫು ಎರಡು ಕೊಂಡು, ತೋಡಾರಿನಲ್ಲಿ ಇಳಿದೆ. ಮಾವ ಜಗಲಿಯಲ್ಲಿದ್ದರು. ಕೆರೆಯ ಬಾಲವೂ ಅಲ್ಲೇ ಇತ್ತು, ಅವರ ತೊಡೆಯ ಮೇಲೆ, ಕಂದು ಬಣ್ಣಕ್ಕೆ ತಿರುಗಿ.

"ಮಾವ, ಆ ಕರ್ಚೀಫು ನನಗೆ ಬೇಕಿತ್ತು."

"ಯಾವುದು, ಇದಾ?" ಅವರು ಅದನ್ನು ಎತ್ತಿ ಹಿಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ನೀವೇ ಕೊಟ್ಟದ್ದಲ್ಲವಾ?"

"ಹೌದು. ಬದಲಿಗೆ ಹೊಸದು ಎರಡು ತಂದಿದ್ದೇನೆ."

ಮಾವ ಹೊಸ ಕರ್ಚೀಫುಗಳನ್ನು ತಿರುವಿ ತಿರುವಿ ನೋಡಿದರು. "ಅಳಿಯಂದಿರೇ, ಹುಡುಗಿ ಕೊಡುವ ಮೊದಲು ನಿಮ್ಮ ಬಗ್ಗೆ ನಾಲ್ಕು ಕಡೆ ವಿಚಾರಿಸಿದ್ದೆವು. ಹೀಗೆ ಉಂಟು ಅಂತ ಯಾರೂ ಹೇಳಲಿಲ್ಲ."

ನಾನು ಅದನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ತಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಸೀನುತ್ತ ಬೇರೆ ಸೀಟಿಗೆ ಹೋದರು. ಒಗೆಯುವ ಧೈರ್ಯವಾಗಲಿಲ್ಲ. ಇನ್ನೊಂದು ಒಗೆತಕ್ಕೆ ಉಳಿದ ನೀಲಿಯೂ ಹೋದರೆ ಆ ಅಕ್ಕನ ಕೊಳಕೆ ಹೋಯಿತು. ಸಾಹೇಬರಿಗೆ ತೋರಿಸುವ ಧೈರ್ಯ ಅದಕ್ಕಿಂತಲೂ ಕಡಿಮೆ. ಸರ್ಕಾರದ ದಾಖಲೆಯನ್ನು ಕುದಿಸಿ ಮೂಗು ಒರೆಸಿದವನಿಗೆ ಕೆಲಸ ಉಳಿಯುವುದಿಲ್ಲ. ಎರಡನ್ನೂ ಕಿಸೆಯಲ್ಲಿಟ್ಟುಕೊಂಡು ಗುಡ್ಡ ಹತ್ತಿದೆ.

ದೀಪಾವಳಿ ಕಳೆದಿತ್ತು, ಗುಡ್ಡದ ತೇವ ಆರಿರಲಿಲ್ಲ. ಜಿಗಣೆಗಳು ಎಲೆಯಡಿಯಿಂದ ತಲೆ ಎತ್ತಿ ನಮ್ಮನ್ನು ಸ್ವಾಗತಿಸಿದವು. ಸಾಹೇಬರು ಕಾಲಿಗೆ ಸುಣ್ಣ ಬಳಿದುಕೊಂಡಿದ್ದರು. ಯಜಮಾನರು ಇಬ್ಬರು ಆಳುಗಳೊಂದಿಗೆ ಬಂದು ಮೇಲೆ ನಿಂತಿದ್ದರು. ಆ ಅಕ್ಕ ನಮಗಿಂತ ಮೊದಲೇ ಬಂದು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ನಕ್ಷೆಯ ನೀಲಿ ಕೆರೆ ಎಂದು ನಾನು ಅಂದುಕೊಂಡದ್ದು ಎಮ್ಮೆ ಹೊರಳಿದ ಹಸಿರು ಬಗ್ಗಡ. ಕೊಳೆತ ಸೊಪ್ಪಿನ ವಾಸನೆ ಬೇರೆ. ಯಜಮಾನರು ಅದರೊಳಕ್ಕೆ ಎಲೆಅಡಿಕೆ ಉಗಿದು, "ನೋಡಿ ಸಾರ್, ಇದೇ ಕೆರೆ, ಇಷ್ಟೇ ಕೆರೆ," ಎಂದರು. ಸಣ್ಣ ಸಣ್ಣ ರಬ್ಬರ್ ಸಸಿಗಳು ಸಾಲಾಗಿ ನಿಂತಿದ್ದವು.

ಸಾಹೇಬರು ನನ್ನ ಕಡೆ ತಿರುಗಿದರು. "ನಿಮಗೆ ಏನಾದರೂ ನೆನಪುಂಟಾ?"

ನೆನಪಿದ್ದದ್ದು ಮೀನು ಮಾತ್ರ. ಎಲ್ಲಿಂದ ಎಲ್ಲಿಗೆ ಎಷ್ಟು ಎಂಬುದು ಕಿಸೆಯಲ್ಲಿತ್ತು. ನಾನು ಸೀನು ಬಂದವನಂತೆ ಆಚೆ ತಿರುಗಿ, ಎರಡೂ ಕರ್ಚೀಫು ತೆಗೆದು, ಹೊಲಿಗೆಯ ಅಂಚಿಗೆ ಅಂಚು ಸೇರಿಸಿ ಮುಖಕ್ಕೆ ಹಿಡಿದೆ. ಮಾವನ ನಸ್ಯ ನೆತ್ತಿಗೇರಿತು. ಸೀನು ನಿಜವಾಗಿಯೇ ಬಂತು, ಒಂದರ ಹಿಂದೆ ಒಂದು. ಕಣ್ಣೀರಿನ ನಡುವೆ ನೀಲಿ ಗೆರೆ ಹುಡುಕಿದೆ. ಬಂಡೆಯಿಂದ ತೂಬಿಗೆ ನನ್ನ ಕಿರುಬೆರಳಿನ ಉದ್ದ. ಮನಸ್ಸಿನಲ್ಲಿ ಲೆಕ್ಕ ಹಾಕಿದೆ.

"ಆ ಬಂಡೆಯಿಂದ ದಕ್ಷಿಣಕ್ಕೆ ಇನ್ನೂರು ಹೆಜ್ಜೆ ಸಾರ್. ಅಲ್ಲಿ ಕಲ್ಲಿನ ತೂಬು ಇರಬೇಕು."

ಹೆಜ್ಜೆ ಹಾಕಿದೆವು. ಆಳುಗಳು ಅಗೆದರು. ಮಣ್ಣು, ಬೇರು, ಮತ್ತೆ ಮಣ್ಣು.

ಯಜಮಾನರು ನಕ್ಕರು. "ನಕ್ಷೆಯವರಿಗೆ ಜ್ವರ ಉಂಟು ಅಂತ ಕಾಣ್ತದೆ. ಕೆಳಗೆ ಹೋಗಿ ಕಷಾಯ ಕುಡಿಯುವ, ಬನ್ನಿ ಸಾರ್."

ಸಾಹೇಬರು ಹೊರಡಲು ತಿರುಗಿಯೇ ಬಿಟ್ಟಿದ್ದರು. ಆ ಅಕ್ಕ ನನ್ನನ್ನೇ ನೋಡುತ್ತಿದ್ದರು. ಆಗ ಹೊಳೆಯಿತು: ಕುದಿಸಿದ ಬಟ್ಟೆ ಕುಗ್ಗುತ್ತದೆ. ನನ್ನ ಹೆಂಡತಿಯ ಸೋಡಾ ನೀರಿನಲ್ಲಿ ಕೆರೆಯೂ ಕುಗ್ಗಿತ್ತು. ಹೊಲಿಗೆಯ ಮಡಿಕೆಯೊಳಗೂ ಕೆರೆಯ ಒಂದಿಷ್ಟು ನೀರು ಮುಚ್ಚಿಹೋಗಿತ್ತು.

"ಇನ್ನೊಂದು ಇಪ್ಪತ್ತೈದು ಹೆಜ್ಜೆ ಸಾರ್," ಎಂದೆ. "ನನ್ನ ಹೆಜ್ಜೆ ಸಣ್ಣದು."

ಆಳುಗಳು ಯಜಮಾನರ ಮುಖ ನೋಡಿದರು. ಹಾರೆಯನ್ನು ಆ ಅಕ್ಕ ತಾವೇ ಎತ್ತಿಕೊಂಡರು. ನಾಲ್ಕನೆಯದೋ ಐದನೆಯದೋ ಏಟಿಗೆ ಠಣ್ ಎಂದಿತು. ಮಣ್ಣು ಕೆದರಿದರೆ ಚೌಕದ ಕಲ್ಲು, ನಡುವೆ ಮುಷ್ಟಿ ಹೋಗುವ ತೂತು, ತೂತಿನಲ್ಲಿ ಕೊಳೆತ ಮರದ ಬೆಣೆ. ಅವರು ಆ ತೂತಿಗೆ ಕೈ ಹಾಕಿ ಕೆಸರು ತೆಗೆಯುತ್ತಲೇ ಕೂತರು, ತೆಗೆದಷ್ಟೂ ತೆಗೆದರು.

ಸಾಹೇಬರು ಕಲ್ಲಿನವರೆಗೆ ಕೆರೆ ಎಂದು ಬರೆದರು. ಸಸಿ ಕೀಳಬೇಕು, ತೋಡು ಬಿಡಿಸಬೇಕು. ಯಜಮಾನರು ಮತ್ತೊಮ್ಮೆ ಉಗಿದರು, ಈ ಸಲ ನನ್ನ ಕಾಲಿನ ಹತ್ತಿರ. "ಇಂಥ ಜ್ಞಾಪಕಶಕ್ತಿ ಅಪರೂಪ," ಎಂದು ಸಾಹೇಬರು ನನ್ನ ಬೆನ್ನು ತಟ್ಟಿದರು. ಹೊಗಳಿಕೆ ಕೇಳಿ ವಾಂತಿ ಬರುವ ಹಾಗಾದದ್ದು ನನಗೆ ಆ ಒಂದೇ ಸಲ. ನಸ್ಯವೂ ಕಾರಣವಿರಬಹುದು. ಚಾವಡಿಯಲ್ಲಿ ಕಾಫಿ ಕುಡಿದು ಕೆರೆ ಬರೆದವನನ್ನು ಕಂಡು ಹೇಸಿದ್ದೆನಲ್ಲ. ಅವನು ಕೆರೆಯನ್ನು ನೋಡಲಿಲ್ಲ ಅಷ್ಟೇ, ನಾನು ಅದನ್ನು ಕುದಿಸಿದವ. ಕಡತದಲ್ಲಿ ಇವತ್ತಿಗೂ ಗೆದ್ದಲಿನ ಹೆಸರೇ ಇದೆ.

ಇಳಿಯುವಾಗ ಆ ಅಕ್ಕ ನನ್ನ ಪಕ್ಕಕ್ಕೆ ಬಂದರು. ಕೈ ಮೊಣಕೈಯವರೆಗೆ ಕೆಸರು.

"ಅಣ್ಣ, ಮೂಗು ಒರೆಸುವವರು ಕರ್ಚೀಫನ್ನು ಬೆರಳಲ್ಲಿ ಅಳೆಯುವುದು ನಾನು ನೋಡಿದ್ದು ಇದೇ ಮೊದಲು."

ಅವರು ಕೈ ಚಾಚಿದರು. ಕೊಟ್ಟೆ. ಕಲ್ಲೊಂದರ ಮೇಲೆ ಎರಡನ್ನೂ ಹರಡಿ, ನಸ್ಯವನ್ನೂ ನನ್ನದನ್ನೂ ಲೆಕ್ಕಿಸದೆ, ಬಾಲದ ಗೆರೆಯ ಮೇಲೆ ಕೆಸರಿನ ಬೆರಳು ಎಳೆದರು. ಮಡಚಿ ನನ್ನ ಕಿಸೆಗೆ ತಾವೇ ತುರುಕಿದರು.

"ನಾನು ಯಾರಿಗೂ ಹೇಳುವುದಿಲ್ಲ. ಆದರೆ ಯಜಮಾನರು ಇವತ್ತು ಸೋತರು ಅಂತ ನಾಳೆಯೂ ಸೋಲ್ತಾರೆ ಅಂತ ಇಲ್ಲ. ಇದನ್ನು ಇನ್ನು ಒಗೆಯಬೇಡಿ."

ಒಗೆದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಕಪಾಟಿನ ಅಡಿಯಲ್ಲಿ ಇಟ್ಟಿದ್ದೇನೆ. ಮುಚ್ಚಳ ತೆರೆದರೆ ಮನೆಯವರೆಲ್ಲ ಮೂಗು ಮುಚ್ಚುತ್ತಾರೆ, ಹೆಂಡತಿ ಅದನ್ನು ಎಸೆಯಲು ವರ್ಷಕ್ಕೆರಡು ಸಲ ಹೊರಡುತ್ತಾಳೆ. ಜಿರಳೆ ಹೊಕ್ಕಿದೆಯೋ ಎಂಬ ಹೆದರಿಕೆಯಿಂದ ನಾನು ಮಾತ್ರ ಪ್ರತಿ ತಿಂಗಳು ಉಸಿರು ಕಟ್ಟಿ ತೆರೆದು ನೋಡುತ್ತೇನೆ. ನೀಲಿ ಇನ್ನೂ ಇದೆ. ಅದರ ಮೇಲೆ ಆ ಅಕ್ಕನ ಬೆರಳಿನ ಕೆಸರೂ ಇದೆ.