ಅಜ್ಜಿಯ ಕಿವಿಗೆ ಕೇಳುತ್ತಿದ್ದ ಮಳೆ

ಇವತ್ತು ಮಧ್ಯಾಹ್ನ ಬೈಯಪ್ಪನಹಳ್ಳಿ ಕಡೆಯ ರೈಲಿನ ಕೂಗು ಜೋಗುಪಾಳ್ಯದ ನಮ್ಮ ಅಡುಗೆಮನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು. ಒಲೆ ಆರಿಸಿ ತಾರಸಿಗೆ ಓಡಿದೆ.

ಇದು ಅಜ್ಜಿ ಕಲಿಸಿದ್ದು. ಅಜ್ಜಿ ಮಂಗಳೂರಿನವರು. ಅಲ್ಲಿ ಮಳೆಗಾಲದಲ್ಲಿ ಕಣ್ಣಿಗಿಂತ ಕಿವಿಯನ್ನೇ ನಂಬಬೇಕಂತೆ. ಕಡಲಿನ ಮೊರೆತ ಮನೆಯೊಳಗೆ ಕೇಳಿದರೆ ಒಣಗಲು ಹಾಕಿದ್ದನ್ನೆಲ್ಲ ಎತ್ತಿಡುತ್ತಿದ್ದರಂತೆ. ನಮ್ಮಲ್ಲಿಗೆ ಬಂದ ಮೇಲೆ ಕಡಲಿಲ್ಲವೆಂದು ಅವರೇನೂ ಕೈಚೆಲ್ಲಿ ಕೂರಲಿಲ್ಲ. ಒಂದೇ ಹಿಂಗಾರಿನಲ್ಲಿ ರೈಲನ್ನು ಹಿಡಿದುಕೊಂಡರು. ಮೂಡಣ ಗಾಳಿ ರೈಲಿನ ಕೂಗನ್ನು ಹೊತ್ತು ತಂದರೆ ಹಿಂದೆಯೇ ಮಳೆ ಎಂಬುದು ಅವರ ಲೆಕ್ಕ. ಹೆಚ್ಚಿನ ಸಲ ಅದು ತಪ್ಪುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯ ಶಮೀಮ್ ಆಂಟಿ ರಸೆಲ್ ಮಾರುಕಟ್ಟೆಯಿಂದ ತಂದ ಒಣಮೆಣಸಿನಕಾಯಿಯನ್ನು ನಮ್ಮ ತಾರಸಿಯಲ್ಲಿ ಹರಡಿದ್ದರು. ರೈಲು ಕೂಗಿತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಕೇಳದೆ ಅಷ್ಟನ್ನೂ ಚೀಲಕ್ಕೆ ತುಂಬಿಬಿಟ್ಟರು.

"ಏನಜ್ಜಿ ಇದು! ಇಂಥಾ ಬಿಸ್ಲಲ್ಲಿ ಯಾರಾದ್ರೂ ಎತ್ತಿಡ್ತಾರಾ?" ಎಂದು ಆಂಟಿ ರೇಗಿದರು.

"ಮಳೆ ಉಂಟು ಮಾರಾಯ್ತಿ, ಈಗ ಬರ್ತದೆ."

ಸಂಜೆಯಾದರೂ ಒಂದು ಹನಿ ಬೀಳಲಿಲ್ಲ. ಆಂಟಿ ಚೀಲ ಕೇಳಲು ಬಂದಾಗ ಅಜ್ಜಿಯ ಮುಖ ಸ್ವಲ್ಪವೂ ಬಾಡಲಿಲ್ಲ. "ಹೊರಟದ್ದು ಹೌದು. ದಾರಿಯಲ್ಲಿ ಯಾರೋ ಮಾತಾಡಿಸಿರ್ಬೇಕು" ಎಂದರು. ಆಂಟಿ ಸಿಟ್ಟು ಮರೆತು ನಕ್ಕುಬಿಟ್ಟರು.

ಇವತ್ತು ನಾನು ತಾರಸಿಯಿಂದ ಬಟ್ಟೆಯ ರಾಶಿ ಹೊತ್ತು ಇಳಿದು ಬಂದರೆ ಮಗಳು ಮೊಬೈಲ್ ಹಿಡಿದು ನಿಂತಿದ್ದಳು.

"ಅಮ್ಮಾ, ಇವತ್ತು ಮಳೆನೇ ಇಲ್ಲ ಅಂತ ತೋರಿಸ್ತಿದೆ. ಬಟ್ಟೆ ಇನ್ನೂ ಹಸೀ ಇದೆ!"

"ಹೊರಟಾಗಿದೆ ಕಣೇ" ಎಂದೆ. "ದಾರೀಲಿ ಯಾರೂ ಮಾತಾಡಿಸದೇ ಇದ್ರೆ ಸಾಕು."