ಬೂಟಕ್ಕ ಕಟ್ಟಿದ ಕೆಂಪು ದಾರ

ಬೆಳಗಿನ ಐದು ಗಂಟೆ. ಬೆಟ್ಟದ ತಪ್ಪಲಿನ ವಸತಿಗೃಹದಲ್ಲಿ ಚಾರಣಿಗರೆಲ್ಲ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ಹಿಂಬದಿಯ ಬೂಟಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಗಿಡ್ಡ ಸ್ಟೂಲಿನ ಮೇಲೆ ಎಡಗಾಲು ನೀಡಿಕೊಂಡು ಕೂತ ಹೆಂಗಸೊಬ್ಬರು ಬೂಟೊಂದನ್ನು ಮಡಿಲಲ್ಲಿ ಮಗುಚಿ ಹಾಕಿಕೊಂಡು, ಅಟ್ಟೆಯ ಸಂದಿಯಿಂದ ಕಡ್ಡಿಯಲ್ಲಿ ಕಲ್ಲು ಕೀಳುತ್ತಿದ್ದಾರೆ. "ಬೆಟ್ಟ ಹತ್ತಿ ಬಂದೆ ಅಂತ ಎದೆ ಉಬ್ಬಿಸ್ಕೊಂಡು ಬರ್ತಾರೆ. ನೋಡಿದ್ರೆ ಅರ್ಧ ಬೆಟ್ಟಾನ ಇಲ್ಲಿಗೇ ಹೊತ್ಕೊಂಡು ಬಂದಿರ್ತಾರೆ!"

ಇವರನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಬೂಟಕ್ಕ. ವಯಸ್ಸು ನಲವತ್ತಾರು. ದಿನಕ್ಕೆ ಮೂವತ್ತು ಜೊತೆ ಬೂಟು, ಮಳೆ ಹಿಡಿಯಿತೆಂದರೆ ಐವತ್ತು. ಲೇಸು ಬಿಚ್ಚಬೇಕು, ಒಳಗಿನ ಮೆತ್ತೆ ತೆಗೆಯಬೇಕು, ಕೆಸರು ಉಜ್ಜಿ ಉಗುರುಬೆಚ್ಚಗಿನ ನೀರಲ್ಲಿ ಒರೆಸಬೇಕು, ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಆಮೇಲೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೇಣ ತಿಕ್ಕಬೇಕು. ಬಿಸಿಯ ಹತ್ತಿರ ಮಾತ್ರ ಇಡಕೂಡದು. "ಬಿಸಿ ತಾಗಿದ್ರೆ ಚರ್ಮ ಸೆಟೆದುಕೊಳ್ಳುತ್ತೆ, ಅಂಟು ಬಿಡುತ್ತೆ. ಒಂದು ದಿನ ಕಾಯೋಕೆ ಆಗದವರು ಬೆಟ್ಟ ಯಾಕೆ ಹತ್ತಬೇಕು, ಹೇಳಿ?"

ಇಲ್ಲೊಂದು ಕಟ್ಟಳೆ ಇದೆ. ಬೂಟಕ್ಕ ಯಾವ ಬೂಟಿಗೆ ಕೆಂಪು ದಾರ ಕಟ್ಟುತ್ತಾರೋ ಅದು ಬೆಟ್ಟ ಹತ್ತುವಂತಿಲ್ಲ. ಅದು ಮ್ಯಾನೇಜರದ್ದಾದರೂ ಅಷ್ಟೇ. ಹನ್ನೊಂದು ವರ್ಷದಲ್ಲಿ ಆ ದಾರವನ್ನು ಕಿತ್ತು ಎಸೆಯುವ ಧೈರ್ಯ ಯಾರೂ ಮಾಡಿಲ್ಲ.

ಆದರೂ ಪೇಪರಿನವರು ಇವರನ್ನು ಹುಡುಕಿಕೊಂಡು ಬಂದಿರುವುದು ಇದೇ ಮೊದಲು. ಬಂದವರೆಲ್ಲ ಕೇಳುವುದು ತಂಗಿಯನ್ನು. ಬೂಟಕ್ಕನ ಒಡಹುಟ್ಟಿದ ತಂಗಿ ಇಲ್ಲಿನ ಮುಖ್ಯ ಮಾರ್ಗದರ್ಶಿ, ಜನರನ್ನು ಬೆಟ್ಟದ ತುದಿಯವರೆಗೂ ಕರೆದೊಯ್ಯುವವಳು. ಚಾರಣಿಗರು ಹೊರಡುವಾಗ ಅವಳನ್ನು ತಬ್ಬಿಕೊಂಡು ಕಣ್ಣೀರು ಹಾಕುತ್ತಾರೆ. ಬೂಟಕ್ಕನನ್ನು, "ನನ್ನ ಲೇಸು ಎಲ್ಲಿ?" ಎಂದು ಕೇಳುತ್ತಾರೆ. ಹೋದ ವರ್ಷ ತಂಗಿಯ ಬಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟ ಬಂದಿತ್ತು. ಆ ಪುಟ ಏನಾಯಿತು ಎಂದರೆ ಬೂಟಕ್ಕ ಮುಖ ಸಡಿಲಿಸದೆ ಹೇಳುತ್ತಾರೆ, "ಒದ್ದೆ ಬೂಟಿಗೆ ತುರುಕಿದೆ. ಚೆನ್ನಾಗಿ ನೀರು ಹೀರ್ತು."

ಹೊಟ್ಟೆಕಿಚ್ಚಾ ಅಕ್ಕ?

"ಮತ್ತೆ ಇಲ್ವಾ? ಧಗಧಗ ಅಂತ ಉರಿಯುತ್ತೆ. ಅವಳ ಕೈ ಹಿಡ್ಕೊಂಡು, ಹೆಜ್ಜೆ ಎಲ್ಲಿಡ್ಬೇಕು, ಎಲ್ಲಿಡಬಾರದು ಅಂತ ಕಲಿಸಿದವಳೇ ನಾನು!"

ಮಾರ್ಗದರ್ಶಿಯಾಗಲು ಮೊದಲು ಹೊರಟವರು ಬೂಟಕ್ಕನೇ. ಕೊನೆಯ ಪರೀಕ್ಷೆಯ ದಿನ, ತುದಿಗೆ ಎರಡೇ ತಿರುವು ಬಾಕಿ ಇರುವಾಗ ಜಾರಿ ಬಿದ್ದರು. ಎರಡು ಆಪರೇಷನ್ ಆದವು, ಎಡ ಮಂಡಿಯನ್ನು ಮಾತ್ರ ಮತ್ತೆ ಪೂರ್ತಿ ಮಡಚಲು ಬರಲಿಲ್ಲ. ಮರುವರ್ಷ ಅದೇ ಕೆಲಸಕ್ಕೆ ತಂಗಿ ಆಯ್ಕೆಯಾದಳು, ಅಕ್ಕನಿಗೆ ಬೂಟಿನ ಕೋಣೆ ಸಿಕ್ಕಿತು. ತುದಿಯಿಂದ ಏನು ಕಾಣುತ್ತದೆ ಎಂದು ಇವರು ಇವತ್ತಿನವರೆಗೂ ಕೇಳಿಲ್ಲ. "ಅವಳೂ ಹೇಳಿಲ್ಲ. ಹೇಳಿದ್ದಿದ್ರೆ ಜಗಳವೇ ಆಗ್ತಿತ್ತು."

ಐದೂವರೆಗೆ ತಂಗಿಯ ಬೂಟು ಕೈಗೆ ಬರುತ್ತದೆ. ಆರು ತಿಂಗಳು ಮುಚ್ಚಿದ್ದ ತುದಿಯ ದಾರಿ ಇವತ್ತು ತೆರೆಯುತ್ತಿದೆ, ಹದಿನೆಂಟು ಜನ ಅವಳ ಹಿಂದೆ ಹೊರಡುವವರಿದ್ದಾರೆ. ನಿನ್ನೆ ದಾರಿ ನೋಡಿ ಬರಲು ಹೋಗಿ ತೊಪ್ಪೆಯಾಗಿದ್ದ ಬೂಟನ್ನು ಅವಳು ಇಲ್ಲಿಗೆ ಕೊಟ್ಟಿರಲಿಲ್ಲ. ಅಕ್ಕನ ಗೊಣಗಾಟ ಯಾರಿಗೆ ಬೇಕು ಎಂದು ತಾನೇ ಒಣಗಿಸಿ, ಈಗ ಮೇಣ ತಿಕ್ಕಲಿಕ್ಕಷ್ಟೇ ಇಟ್ಟು ಹೋಗಿದ್ದಾಳೆ. ಬೂಟಕ್ಕ ಮುಂಭಾಗದ ಚರ್ಮ ಒತ್ತುತ್ತಾರೆ, ಮೂಸುತ್ತಾರೆ. "ಹೀಟರ್ ಮುಂದೆ ಇಟ್ಟಿದ್ದಾಳೆ, ಕತ್ತೆ!"

ಪೇಪರಿನ ಚೂರೊಂದನ್ನು ಅಟ್ಟೆಗೂ ಚರ್ಮಕ್ಕೂ ನಡುವೆ ತೂರಿಸುತ್ತಾರೆ. ಎರಡು ಬೆರಳಷ್ಟು ಒಳಗೆ ಹೋಗುತ್ತದೆ. ದಾರ ಎತ್ತಿಕೊಂಡ ಕೈ ಹಾಗೇ ನಿಲ್ಲುತ್ತದೆ. ಕಟ್ಟಿದರೆ ಜನ ಏನನ್ನುತ್ತಾರೆ ಎಂಬುದು ಗೊತ್ತು. ಜನ ಹಾಳಾಗಲಿ, ತಮ್ಮ ಹೊಟ್ಟೆ ತಣ್ಣಗಾದದ್ದು ತಮಗೇ ಗೊತ್ತಲ್ಲ! "ನಿಜ ಹೇಳ್ಲಾ? ಒಂದು ಗಳಿಗೆ ಖುಷಿಯಾಯ್ತು. ಅದಕ್ಕೇ ಇನ್ನೊಂದು ಸಲ ನೋಡ್ತೀನಿ." ಚೂರನ್ನು ಇನ್ನೊಂದು ಪಕ್ಕದಿಂದ ತೂರಿಸುತ್ತಾರೆ. ಅಲ್ಲೂ ಹೋಗುತ್ತದೆ. ದಾರ ಬಿಗಿಯುತ್ತಾರೆ.

ಸ್ವಲ್ಪ ಹೊತ್ತಿಗೆ ತಂಗಿ ಬಂದವಳು ಬಾಗಿಲಲ್ಲೇ ನಿಲ್ಲುತ್ತಾಳೆ. "ಏನಕ್ಕ ಇದು? ಇವತ್ತೇ ಬೇಕಿತ್ತಾ ನಿಂಗೆ?"

"ಅಂಟು ಬಿಟ್ಟಿದೆ."

"ಅಂಟೂ ಇಲ್ಲ, ಗಿಂಟೂ ಇಲ್ಲ. ನಾನೂ ನಿನ್ನ ಹಾಗೆ ಕೆಳಗೇ ಕೂರ್ಲಿ ಅಂತ ಹನ್ನೊಂದು ವರ್ಷದಿಂದ ಕಾಯ್ತಾ ಇದ್ದೆಯಲ್ಲ!"

"ಕಾಯ್ತಿದ್ದೆ ಕಣೇ, ಹೌದು," ಎನ್ನುತ್ತಾರೆ ಬೂಟಕ್ಕ. "ಕೂತ್ಕೊಳ್ಳಲಿ ಅಂತ ಕಾಯ್ತಿದ್ದೆ. ಬೀಳ್ಲಿ ಅಂತಲ್ಲ. ತಗೋ, ನೀನೇ ತೂರಿಸಿ ನೋಡು."

ತಂಗಿ ತೂರಿಸಿ ನೋಡುತ್ತಾಳೆ. ಚೂರು ಸಲೀಸಾಗಿ ಒಳಗೆ ಹೋಗುತ್ತದೆ, ಬೂಟನ್ನು ಕೆಳಗಿಡುತ್ತಾಳೆ. ಇನ್ನೊಂದು ಜೊತೆ ಹಾಕಿಕೊಳ್ಳೋಣವೆಂದರೆ ವಸತಿಗೃಹದ ಬೂಟುಗಳಲ್ಲಿ ಒಂದೂ ಅವಳಿಗೆ ಆಗುವುದಿಲ್ಲ. ಅಕ್ಕತಂಗಿಯರಿಬ್ಬರದ್ದೂ ಅಪ್ಪನ ಪಾದ, ಮುಂದೆ ಅಗಲ, ಹಿಂದೆ ಕಿರಿದು. ಅವಳು ಹೋಗದಿದ್ದರೆ ಎರಡನೇ ಮಾರ್ಗದರ್ಶಿ ಹೊರಡುತ್ತಾನೆ, ಈ ವರ್ಷದ ಮೊದಲ ತುದಿ ಅವನ ಪಾಲಾಗುತ್ತದೆ. ಹೊರಗೆ ಹದಿನೆಂಟು ಜನ ಚೀಲ ಬೆನ್ನಿಗೇರಿಸಿ ನಿಂತಾಗಿದೆ.

ಬೂಟಕ್ಕ ಮೇಲಿನ ಕಪಾಟಿನಿಂದ ಬಟ್ಟೆಯ ಚೀಲವೊಂದನ್ನು ಇಳಿಸುತ್ತಾರೆ. ಒಳಗಿರುವುದು ಅವರದೇ ಬೂಟು, ಬಿದ್ದ ದಿನ ಹಾಕಿಕೊಂಡಿದ್ದು. ಹೋದ ವರ್ಷ ಅಟ್ಟೆ ಬದಲಾಯಿಸಿದ್ದಾರೆ. ವಾರಕ್ಕೊಮ್ಮೆ ಹಾಕಿಕೊಂಡು ಅಂಗಳದಲ್ಲಿ ಕುಂಟುತ್ತಾ ಹತ್ತು ಸುತ್ತು ಹಾಕುತ್ತಾರೆ. "ಹಾಕದೆ ಇಟ್ರೆ ಬೂಟು ಒಳಗೊಳಗೇ ಹಾಳಾಗುತ್ತೆ." ಬೇರೆಯವರಿಗೆ ಮುಟ್ಟಲೂ ಬಿಟ್ಟವರಲ್ಲ, ತಂಗಿಗಂತೂ ಕೇಳಲೇಬೇಡಿ. ಈಗಲೂ ಎದೆಗವಚಿಕೊಂಡೇ ನಿಂತಿದ್ದಾರೆ. ತಾವು ಕಾಣದ ತುದಿಗೆ ಇವು ಅವಳ ಕಾಲಲ್ಲಿ ಹೋಗಬೇಕು!

"ಬೇಡ ಬಿಡಕ್ಕ. ಅವನೇ ಹೋಗ್ಲಿ."

"ಬಾಯಿ ಮುಚ್ಕೊಂಡು ಕೂತ್ಕೋ."

ಪೇಪರಿನ ಚೂರನ್ನು ಈ ಬೂಟಿಗೂ ತೂರಿಸಲು ನೋಡುತ್ತಾರೆ. ಹೋಗುವುದಿಲ್ಲ. ಆಮೇಲೆ ಮಡಚಲಾಗದ ಕಾಲನ್ನು ಪಕ್ಕಕ್ಕೆ ಚಾಚಿ ನೆಲದ ಮೇಲೆ ಕೂತು, ತಂಗಿಯ ಲೇಸನ್ನು ತಾವೇ ಬಿಗಿಯುತ್ತಾರೆ. ಅವಳು ಎದ್ದು ನಾಲ್ಕು ಹೆಜ್ಜೆ ಹಾಕುತ್ತಾಳೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿವೆ. ಬೂಟಕ್ಕನಿಗೆ ಅದೂ ಸಹಿಸಲಾಗುವುದಿಲ್ಲ. "ನೋಡಿ ಇವನ್ನ! ನಾಚಿಕೆ ಇಲ್ಲದವು, ಒಂದು ಗಳಿಗೇಲಿ ಅವಳ ಕಡೆ ಆಗ್ಬಿಟ್ವು."

ಹೊಸ್ತಿಲು ದಾಟಿದ ತಂಗಿ ತಿರುಗಿ ನೋಡುತ್ತಾಳೆ. "ಮೇಲಿಂದ ಏನಾದ್ರೂ ಬೇಕಾ ಅಕ್ಕ?"

ಬೂಟಕ್ಕ ಮುಂದಿನ ಬೂಟನ್ನು ಮಡಿಲಿಗೆಳೆದುಕೊಳ್ಳುತ್ತಾರೆ. ತಲೆ ಎತ್ತುವುದಿಲ್ಲ.

"ತುದೀಲಿ ಫೋಟೋ ತೆಗೆಸ್ಕೊಳ್ತೀಯಲ್ಲ, ನಿನ್ನ ಮುಖ ಬರದಿದ್ರೂ ಪರವಾಗಿಲ್ಲ. ಕಾಲು ಬರೋ ಹಾಗೆ ತೆಗೆಸ್ಕೋ."